ಹೈಸ್ಕೂಲ್ ಹುಡುಗರ ಕೈಗೆ ಹೊಸ ಕಾದಂಬರಿ: ನನ್ನ ಅನುಭವ

"ಮೊಬೈಲ್ ಬಿಟ್ಟು ಇವೆಲ್ಲಾ ಯಾರ್ ಓದ್ತಾರ್ರಿ" ಎಂದಿದ್ದವರೇ ಈಗ ಶಹಾಪುರ ತಾಲ್ಲೂಕಿನ ನಮ್ಮ ಪಂಚಾಯಿತಿ ಗ್ರಂಥಾಲಯಕ್ಕೆ ಬಂದು ಪುಸ್ತಕದ ಪಟ್ಟಿ ಕೇಳುತ್ತಾರೆ. ಎಂಟನೇ ಕ್ಲಾಸಿನಿಂದ ಪಿಯುಸಿವರೆಗಿನ ನಲವತ್ತರ ಆಸುಪಾಸು ಮಕ್ಕಳು ಕಾದಂಬರಿ ಒಯ್ಯುತ್ತಾರೆ, ಅರ್ಧಕ್ಕಿಂತ ಹೆಚ್ಚು ಮಂದಿ ಮುಗಿಸಿಯೇ ತರುತ್ತಾರೆ. ಬರೀ ಪಟ್ಟಿಯಿಂದ ಇದು ಆಗುವ ಕೆಲಸವಲ್ಲ.

ಅರ್ಧ ದರಕ್ಕೆ ಸಿಗುವ ನೀತಿಕತೆಯ ಸೆಟ್ಟುಗಳು ಏಳೆಂಟು ಸಾವಿರ ತಿಂದು ಕಪಾಟಿನಲ್ಲೇ ಉಳಿದವು. ಇನ್ನೊಂದು ತೊಡಕು ಲೇಬಲ್. 'ಓಡಿ ಹೋದ ಹುಡುಗ', 'ಬಾವಲಿ ಗುಹೆ' ಎಂಬ ಮಕ್ಕಳ ಕಾದಂಬರಿಗಳೆರಡಕ್ಕೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ (2021, 2022). ಆದರೂ 'ಮಕ್ಕಳ ವಿಭಾಗ' ಎಂಬ ಚೀಟಿ ಇರುವ ತನಕ ಒಂಬತ್ತನೇ ಕ್ಲಾಸಿನ ಒಬ್ಬನೂ ಮುಟ್ಟಲಿಲ್ಲ. ಗೆಳೆಯರ ಮುಂದೆ ಮರ್ಯಾದೆಯ ಪ್ರಶ್ನೆ. ಚೀಟಿ ಕಿತ್ತು ದೊಡ್ಡವರ ಕಾದಂಬರಿಗಳ ನಡುವೆ ಇಟ್ಟ ಮೇಲೆ ಓಡಾಡತೊಡಗಿದವು.

'ಏನು ಓದ್ತೀ' ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. 'ಎದ್ದು ಹೋಗದೆ ಪೂರಾ ನೋಡಿದ ಸಿನಿಮಾ ಯಾವುದು' ಎಂದು ಕೇಳಿ. ಆ ಉತ್ತರ ನೋಡಿಕೊಂಡು ಅಂಥ ಮೂರು ಪುಸ್ತಕ ಮುಂದಿಡಿ. ಒಂದೇ ಕೊಟ್ಟರೆ ಹೋಂವರ್ಕ್ ಆಗುತ್ತದೆ, ಹತ್ತು ಇಟ್ಟರೆ ಬರಿಗೈಲಿ ಹೋಗುತ್ತಾರೆ. ಮೂರರಲ್ಲಿ ಒಂದು ನೂರು ಪುಟದೊಳಗಿರಲಿ.

ಆಮೇಲೆ ಒಂದೂವರೆ ಪುಟ ಗಟ್ಟಿಯಾಗಿ ಓದುವುದು, ಎರಡು ಮೂರು ನಿಮಿಷ. ಮೊದಲ ಪುಟ ಬೇಡ. ಅಲ್ಲಿ ಬರೀ ಊರು, ಮಳೆ, ವರ್ಣನೆ. ಇಪ್ಪತ್ತನೇ ಪುಟದ ಸುತ್ತ ಯಾರೋ ಯಾರಿಗೋ ಉತ್ತರ ಕೊಡಬೇಕಾದ ಜಾಗ ಹುಡುಕಿ, ಉತ್ತರಕ್ಕೆ ಮೊದಲೇ ಮುಚ್ಚಬೇಕು. "ಮುಂದೇನ್ ಆಗ್ತದ್ರಿ ಸರ್?" ಎಂದರೆ ಪುಸ್ತಕ ಹೋದಂತೆಯೇ. ಯಾವ ಪುಸ್ತಕ ಎಲ್ಲಿ ಮುಚ್ಚಬೇಕೆಂಬ ನನ್ನ ವಹಿ ಮಾತ್ರ ಯಾರಿಗೂ ಕೊಡುವುದಿಲ್ಲ. ಓದಿದವರಿಗೆ ಅದು ತಾನಾಗಿ ಸಿಗುತ್ತದೆ.

ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ದಪ್ಪ ನೋಡಿ ಹೆದರುವವರೇ ಹೆಚ್ಚು. ಇದನ್ನು ಕತೆ ಶುರುವಾಗುವ ಲಿಸ್ಬನ್ನಿನಿಂದ ಅಲ್ಲ, ವಿಜಯನಗರದಲ್ಲಿ ನಡೆಯುವ ಭಾಗದಿಂದ ಓದಿ ತೋರಿಸಬೇಕು. ಹಂಪಿ ನೋಡಿದ ಮಕ್ಕಳು ತಕ್ಷಣ ಹಿಡಿಯುತ್ತಾರೆ. ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕನ ಹರಕೆಯಂಥ ಕ್ರೂರ ಪ್ರಸಂಗಗಳಿರುವುದರಿಂದ ಪಿಯುಸಿಗಿಂತ ಕೆಳಗೆ ನಾನು ಕೊಡುವುದಿಲ್ಲ. ಇಂಥ ದಪ್ಪ ಪುಸ್ತಕ ನಾಲ್ಕೈದು ಕೈ ದಾಟಿದರೆ ಬೆನ್ನು ಬಿಡುತ್ತದೆ. ಕಲಬುರಗಿಯಲ್ಲಿ ಹೊಲಿಗೆ ಹಾಕಿಸಲು ಐವತ್ತರವತ್ತು ರೂಪಾಯಿ. ಮೊದಲೇ ಹಾಕಿಸಿ, ಹೊಸ ಪ್ರತಿಯ ದುಡ್ಡು ಉಳಿಯುತ್ತದೆ.

ಬಾನು ಮುಷ್ತಾಕರ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಮಕ್ಕಳ ತಾಯಂದಿರೂ ಕೇಳತೊಡಗಿದರು. ಒಂದು ಸಲಕ್ಕೆ ಒಂದೇ ಕತೆ ಗುರುತು ಮಾಡಿ ಕೊಡಿ. 'ಎದೆಯ ಹಣತೆ' ಕತೆಯನ್ನು ಚಿಕ್ಕವರಿಗೆ ಬೇಡ, ತಾಯಂದಿರಿಗೆ ಕೊಡಿ.

ಕಟಿಂಗ್ ಅಂಗಡಿಯಲ್ಲೂ ಪುಸ್ತಕ ಇಟ್ಟು ನೋಡಿದೆ. ಸರದಿಗೆ ಕೂತ ಹುಡುಗರು ಸಣ್ಣಕತೆ ಓದಿದರು, ಕಾದಂಬರಿ ಮುಟ್ಟಲಿಲ್ಲ. ಎರಡು ಮೂರು ಕಳೆದವು. ಹಳೆಯ ಪ್ರತಿಗಳನ್ನಷ್ಟೇ ಇಡುವುದು ಒಳ್ಳೆಯದು.

ಹತ್ತಿ ಬಿಡಿಸುವಾಗ, ತೊಗರಿ ಕೊಯ್ಲಿನಲ್ಲಿ ತೆಳು ಪುಸ್ತಕ. ಪರೀಕ್ಷೆಗೆ ಮೊದಲಿನ ಎರಡು ತಿಂಗಳು ಏನನ್ನೂ ಒತ್ತಾಯಿಸಬೇಡಿ, ಮನೆಯವರು ಬೈದು ವಾಪಸ್ ಕಳಿಸುತ್ತಾರೆ. ದಪ್ಪದ್ದಕ್ಕೆ ಏಪ್ರಿಲ್, ಮೇ. ಬಿಸಿಲಿಗೆ ಮಧ್ಯಾಹ್ನ ಯಾರೂ ಹೊರಗೆ ಹೋಗುವುದಿಲ್ಲ, ಒಂದೊಂದಕ್ಕೆ ಎರಡು ಪ್ರತಿ ಬೇಕಾಗುತ್ತದೆ. ಆ ದುಡ್ಡನ್ನು ಮಾರ್ಚಿಗೇ ತೆಗೆದಿಡಿ.