18.4, 18.4, 18.4: ನಾನು ಪ್ರಶಸ್ತಿಗೆ ಅರ್ಜಿ ಹಾಕಿದ ಕಥೆ

ಮಕ್ಕಳು ಲ್ಯಾಬಿನ ಪ್ರಯೋಗ ಬರೆದಿಟ್ಟ ಹಳೆ ರೆಕಾರ್ಡ್ ಬುಕ್ಕುಗಳನ್ನು ರದ್ದಿಗೆ ಹಾಕಿಸಿದ್ದು ನಾನೇ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ನಮ್ಮ ಕಾಲೇಜಿಗೆ ಬರುವುದಿತ್ತು. ಲ್ಯಾಬ್ ನೀಟಾಗಿ ಕಾಣಲಿ ಅಂತ ಬೀರು ಮೇಲಿದ್ದ ಎರಡು ಮೂಟೆ ಇಳಿಸಿ, ತೂಕಕ್ಕೆ ಹಾಕಿ, ಬಂದ ದುಡ್ಡಲ್ಲಿ ಎಲ್ಲರೂ ಬೋಂಡಾ ತಿಂದೆವು. ಐದಾರು ವರ್ಷ ಆದಮೇಲೆ ಅದೇ ಪುಸ್ತಕ ಹುಡುಕಿಕೊಂಡು ಶ್ರೀನಿವಾಸಪುರದ ಕಡೆ ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತೇನೆ ಅಂತ ಆಗ ಯಾರಿಗೆ ಗೊತ್ತಿತ್ತು?

ನಾನು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. 2024ರಲ್ಲಿ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಗೆ ಅರ್ಜಿ ಹಾಕಿದೆ. ಬರಲಿಲ್ಲ. ಬಂದವರ ಅನುಭವ ಕೇಳಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆ ಫೈಲ್ ಕಟ್ಟಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಏನಾಯಿತು ಅಂತ ನಮ್ಮವರು ಸುಮಾರು ಜನ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪ್ರಶಸ್ತಿಯ ವಿಷಯ. ಇದು ಶಾಲಾ ಶಿಕ್ಷಕರಿಗೆ 1958ರಿಂದ ಇದೆ. ಕಾಲೇಜು, ಪಾಲಿಟೆಕ್ನಿಕ್‌ನವರನ್ನು ಸೇರಿಸಿದ್ದು 2023ರಲ್ಲಿ. ಆ ವರ್ಷ ಉನ್ನತ ಶಿಕ್ಷಣದಿಂದ 13 ಜನ, ಮರುವರ್ಷ 16 ಜನ. ಇಡೀ ದೇಶಕ್ಕೆ ಅಷ್ಟೇ. ಸೆಪ್ಟೆಂಬರ್ 5ಕ್ಕೆ ದೆಹಲಿಯಲ್ಲಿ ರಾಷ್ಟ್ರಪತಿಗಳ ಕೈಯಿಂದ ಪ್ರಮಾಣಪತ್ರ, ಬೆಳ್ಳಿ ಪದಕ, 50,000 ರೂಪಾಯಿ. ಅರ್ಜಿ ಆನ್‌ಲೈನ್. ನೀವೇ ಹಾಕಬಹುದು, ಬೇರೆಯವರೂ ನಿಮ್ಮ ಹೆಸರು ಸೂಚಿಸಬಹುದು. ಕಾಯಂ ನೌಕರಿ ಇರಬೇಕು, ಕನಿಷ್ಠ 5 ವರ್ಷ ಪೂರ್ಣಾವಧಿ ಪಾಠ ಮಾಡಿರಬೇಕು, ವಯಸ್ಸು 55 ದಾಟಿರಬಾರದು. ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ನೋಡಿಕೊಳ್ಳಿ.

ಆ 'ಕಾಯಂ' ಅನ್ನುವ ಪದ ನನಗೆ ಇವತ್ತಿಗೂ ಚುಚ್ಚುತ್ತದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಇದ್ದಾರೆ. ನನ್ನ ಲ್ಯಾಬಿನ ಅರ್ಧ ಕೆಲಸ ಅಂಥ ಒಬ್ಬ ಮೇಡಂದು. ನಾನು ಬರೆದ ಐಡಿಯಾಗಳಲ್ಲಿ ಎರಡು ಅವರದ್ದೇ. ಅವರು ಅರ್ಜಿ ಹಾಕುವಂತಿಲ್ಲ. ಹಾಗಾಗಿ ಫೈಲಿನಲ್ಲಿ ಎಲ್ಲೆಲ್ಲಿ ಅವರ ಕೆಲಸ ಬಂತೋ ಅಲ್ಲೆಲ್ಲ ಅವರ ಹೆಸರು ಬರೆದೆ. "ಸರ್, ನಿಮ್ಮ ಪಾಯಿಂಟ್ ಕಮ್ಮಿ ಆಗಲ್ವಾ?" ಅಂದರು. ಆಗಿರಬಹುದು.

ಮೊದಲ ಡ್ರಾಫ್ಟ್ ಮುಗಿಸಿ ತುಮಕೂರಿಗೆ ಹೋದೆ. ಬಿಎಸ್ಸಿಯಲ್ಲಿ ನನಗೆ ಪಾಠ ಮಾಡಿದ ಮೇಷ್ಟ್ರು ರಿಟೈರ್ ಆಗಿ ಅಲ್ಲೇ ಇದ್ದಾರೆ. ನನ್ನ ಬ್ಯಾಗಿನಲ್ಲಿ 61 ಪುಟ. ಎಫ್‌ಡಿಪಿ (ಅಧ್ಯಾಪಕರ ತರಬೇತಿ) ಸರ್ಟಿಫಿಕೇಟು, ವೆಬಿನಾರ್ ಸರ್ಟಿಫಿಕೇಟು, ಕೊರೊನಾ ಕಾಲದ ಕ್ವಿಜ್ ಸರ್ಟಿಫಿಕೇಟು, ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಶಾಲು ಹೊದ್ದ ಫೋಟೋ. ಮೇಷ್ಟ್ರು ಕನ್ನಡಕ ಏರಿಸಿಕೊಂಡು, ಪೆನ್ಸಿಲ್ ತಗೊಂಡು 'ಭಾಗವಹಿಸಿದೆ' ಅಂತ ಮುಗಿಯುವ ಸಾಲುಗಳನ್ನೆಲ್ಲ ಹೊಡೆದು ಹಾಕುತ್ತಾ ಹೋದರು. ಕಾಫಿ ಬಂತು, ಆರಿತು. ಕೊನೆಗೆ ಉಳಿದದ್ದು ಎರಡು ಪುಟಕ್ಕೆ ಸ್ವಲ್ಪ ಕಮ್ಮಿ.

"ಏನಯ್ಯಾ, ಇಷ್ಟು ಕಡೆ ಹೋಗಿ ಕೂತು ಬಂದಿದ್ದೀಯ. ಕ್ಲಾಸಿಗೆ ಯಾವಾಗ ಹೋಗ್ತಿದ್ದೆ?" ಅಂದರು.

ಉಳಿದ ಎರಡು ಪುಟದಲ್ಲಿ ಇದ್ದದ್ದು ನೀರಿನ ವಿಷಯ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರಿನ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ಎಲ್ಲ ಕೆಮಿಸ್ಟ್ರಿ ಲ್ಯಾಬಿನಲ್ಲೂ ಇರುತ್ತದೆ. 50 ಎಂಎಲ್ ನೀರು, ಪಿಎಚ್ 10ರ ಅಮೋನಿಯಾ ಬಫರ್, ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಬಣ್ಣದ ಪುಡಿ. ಬ್ಯುರೆಟ್ಟಿನಿಂದ, ಅಂದರೆ ಅಳತೆ ಗೆರೆ ಇರುವ ಗಾಜಿನ ಕೊಳವೆಯಿಂದ, ಹನಿ ಹನಿ ಇಡಿಟಿಎ ದ್ರಾವಣ ಬಿಡಬೇಕು. ವೈನ್ ಕೆಂಪು ಹೋಗಿ ನೀಲಿ ಬಂದಾಗ ನಿಲ್ಲಿಸಬೇಕು, ಅದೇ ಎಂಡ್ ಪಾಯಿಂಟ್ ಅಂತ ಪುಸ್ತಕದಲ್ಲಿದೆ. ನಮ್ಮ ಮಕ್ಕಳು ವೈನ್ ಎಲ್ಲಿ ನೋಡಿದ್ದಾರೆ? ನಾವು ಬೀಟ್‌ರೂಟ್ ಬೇಯಿಸಿದ ನೀರು ಅನ್ನುತ್ತೇವೆ, ಕೊನೆಗೆ ಬಿಳಿ ಬಟ್ಟೆಗೆ ಹಾಕುವ ನೀಲಿ. ಅರ್ಧ ಕ್ಲಾಸಿನ ಮನೆಮಾತು ತೆಲುಗು, ಪುಸ್ತಕ ಇಂಗ್ಲಿಷು, ನಾನು ಬಾಯಿಬಿಟ್ಟರೆ ಕನ್ನಡ. ಬೀಟ್‌ರೂಟ್ ಮೂರಕ್ಕೂ ಒಂದೇ. 0.01 ಮೋಲಾರ್ ಇಡಿಟಿಎ ಆದರೆ ಲೆಕ್ಕ ಸುಲಭ: ಬ್ಯುರೆಟ್ ರೀಡಿಂಗನ್ನು (ಎಷ್ಟು ಎಂಎಲ್ ಇಡಿಟಿಎ ಹೋಯಿತು ಅನ್ನುವುದನ್ನು) 20ರಿಂದ ಗುಣಿಸಿದರೆ ಗಡಸುತನ ಲೀಟರಿಗೆ ಎಷ್ಟು ಮಿಲಿಗ್ರಾಂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಅಂತ ಬರುತ್ತದೆ.

ಮೊದಲೆಲ್ಲ ಅಟೆಂಡರ್ ಒಂದೇ ಬಕೆಟ್ಟಿನಲ್ಲಿ ಗಡಸು ನೀರು ಮಾಡಿಡುತ್ತಿದ್ದ. ಎಲ್ಲರಿಗೂ ಅದೇ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಗ ಕ್ಲಾಸಿನಲ್ಲಿ ದಿನಾ ಜಗಳ. ಬೆಂಗಳೂರಿನ ಕೊಳಚೆ ಅಂತ ಒಬ್ಬ, ಸಂಸ್ಕರಿಸಿ ಬಿಟ್ಟಿದ್ದಾರೆ ಅಂತ ಇನ್ನೊಬ್ಬ, ನಮ್ಮ ಬತ್ತಿದ ಬೋರಿಗೆ ನೀರು ಬಂದರೆ ಸಾಕು ಅಂತ ಮತ್ತೊಬ್ಬಳು. ಸುಮ್ನೆ ಬಾಯಲ್ಲಿ ಯಾಕೆ ಕಿತ್ತಾಡ್ತೀರ, ನಿಮ್ಮ ನಿಮ್ಮ ಮನೆ ನೀರು ಒಂದೊಂದು ಬಾಟಲಿ ತನ್ನಿ ಅಂದೆ. ಅಷ್ಟೇ ಶುರು. ದೊಡ್ಡ ಪ್ಲ್ಯಾನ್ ಏನೂ ಇರಲಿಲ್ಲ. ಅರ್ಜಿಯಲ್ಲಿ ಮಾತ್ರ ಅದನ್ನು 'ನವೀನ ಬೋಧನಾ ವಿಧಾನ' ಅಂತ ಬರೆದಿದ್ದೆ. ಮೇಷ್ಟ್ರು ಅದನ್ನೂ ಹೊಡೆದರು.

"ಇದರಿಂದ ಮಕ್ಕಳು ಜಾಸ್ತಿ ಕಲಿತರು ಅಂತ ಹೆಂಗೆ ಹೇಳ್ತೀಯ?"

ಪಾಸ್ ಪರ್ಸೆಂಟೇಜ್ ಇದೆ ಸಾರ್ ಅಂದೆ. ಅದು ನಿಲ್ಲಲಿಲ್ಲ. ಆ ಹಳೆ ಬ್ಯಾಚುಗಳು ಬೆಂಗಳೂರು ವಿಶ್ವವಿದ್ಯಾಲಯದವು. 2017ರಲ್ಲಿ ನಾವು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಬಂದೆವು. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂದು ಸಿಲಬಸ್ಸೂ ಬೇರೆ, ಪೇಪರ್ರೂ ಬೇರೆ. ಯಾವುದನ್ನು ಯಾವುದಕ್ಕೆ ಹೋಲಿಸುವುದು? ಫೀಡ್‌ಬ್ಯಾಕ್ ಫಾರ್ಮ್ ಇದೆ ಅಂದೆ. ಇಂಟರ್ನಲ್ಸ್ ಅಂಕ ಹಾಕುವ ಮೇಷ್ಟ್ರ ಬಗ್ಗೆ ಯಾವ ಮಗು ಕೆಟ್ಟದಾಗಿ ಬರೆಯುತ್ತದೆ ಅಂತ ನಕ್ಕರು. ಆಮೇಲೆ ಅವರೇ ಕೇಳಿದರು: "ರೆಕಾರ್ಡ್ ಬುಕ್ ಇಲ್ವಾ? ಹಳೇದು, ಹೊಸದು ಪಕ್ಕ ಪಕ್ಕ ಇಟ್ಟು ನೋಡು."

ಬೋಂಡಾ ನೆನಪಾಯಿತು.

ಹೊಸ ಬ್ಯಾಚಿನದು ಸಿಕ್ಕಿತು. ಹಳೇದಕ್ಕೆ ವಾಟ್ಸಾಪಿನಲ್ಲಿ ಮೆಸೇಜ್ ಹಾಕಿದೆ. ಪರೀಕ್ಷೆ ಆದಮೇಲೆ ಪುಸ್ತಕ ವಾಪಸ್ ತಗೊಂಡು ಹೋದವರು ಕೆಲವರು ಇದ್ದರು. ನಾಲ್ಕು ಸಿಕ್ಕವು. ಒಂದು ಗೆದ್ದಲು ತಿಂದಿತ್ತು. ಒಂದರ ಯಜಮಾನಿ ಮದುವೆಯಾಗಿ ಹೊಸಕೋಟೆಯಲ್ಲಿದ್ದಾಳೆ. "ನಮ್ಮಮ್ಮನ ಹತ್ರ ಇದೆ ಸರ್, ಹೋಗಿ ಇಸ್ಕೊಳ್ಳಿ" ಅಂದಳು.

ಅವರ ಮನೆ ಜಗಲಿ ಮೇಲೆ ಕೂತು ಆ ಪುಸ್ತಕ ತೆರೆದೆ. ಅದು 2016ರ ಬ್ಯಾಚಿನದು. ರೆಕಾರ್ಡ್ ಬುಕ್ಕಿನಲ್ಲಿ ಬಲಗಡೆ ಗೆರೆ ಹಾಕಿದ ಹಾಳೆ, ಎಡಗಡೆ ಖಾಲಿ ಹಾಳೆ ಇರುತ್ತದಲ್ಲ, ಆ ಖಾಲಿ ಹಾಳೆಗಳಲ್ಲೆಲ್ಲ ಅಮ್ಮ ಹಾಲಿನ ಡೈರಿ ಲೆಕ್ಕ ಬರೆದಿದ್ದರು. ತಾರೀಕು, ಲೀಟರು, ಫ್ಯಾಟು. ಫ್ಯಾಟ್ 3.8. ಮಾರನೇ ದಿನ 4.1. ಮಳೆ ಬಂದ ದಿನ 3.5, ಪಕ್ಕದಲ್ಲಿ 'ಹಸಿ ಮೇವು' ಅಂತ ಒಂದು ಟಿಪ್ಪಣಿ. ಬಲಗಡೆ ನನ್ನ ವಿದ್ಯಾರ್ಥಿನಿಯ ಟೈಟ್ರೇಷನ್ ಟೇಬಲ್. ಮೊದಲ ರೀಡಿಂಗ್ 18.4. ಎರಡನೆಯದು 18.4. ಮೂರನೆಯದು 18.4. ಕೆಳಗೆ ಹಸಿರು ಇಂಕಿನಲ್ಲಿ ಹತ್ತಕ್ಕೆ ಹತ್ತು, ನನ್ನ ಸಹಿ.

ಉಳಿದ ಮೂರು ಪುಸ್ತಕದಲ್ಲೂ 18.4. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೈ ಆಡಿಸಿದವರಿಗೆ ಇದು ಏನು ಅಂತ ಗೊತ್ತು. ನಾನೇ ಮಾಡಿದರೂ ಮೂರು ಸಲ ಅದೇ ಅಂಕೆ ಬರುವುದು ಅಪರೂಪ. ಮೊದಲ ಬೆಂಚಿನವನು ಮಾಡಿದ್ದನ್ನು ಉಳಿದ ಬೆಂಚಿನವರು ಇಳಿಸಿಕೊಂಡಿದ್ದಾರೆ. ನನಗೆ ಆಗ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಹಿ ಹಾಕುತ್ತಿದ್ದೆ.

ಹೊಸ ಬ್ಯಾಚಿನ 26 ಪುಸ್ತಕದಲ್ಲಿ ಒಂದರಂತೆ ಇನ್ನೊಂದಿಲ್ಲ. ಕಮ್ಮಿ ಅಂದರೆ 9.8, ಜಾಸ್ತಿ ಅಂದರೆ 34.2. ಕಾಪಿ ಹೊಡೆಯಲು ಆಗುವುದೇ ಇಲ್ಲ, ಪಕ್ಕದವನ ಊರು ಬೇರೆ, ಬೋರು ಬೇರೆ. ಅಳಿಸಿ ಬರೆದದ್ದು, 'ಎಂಡ್ ಪಾಯಿಂಟ್ ದಾಟಿಹೋಯ್ತು, ಮತ್ತೆ ಮಾಡಿದೆ' ಅಂತ ಪೆನ್ಸಿಲಿನಲ್ಲಿ ಬರೆದದ್ದು, ಇಂಥವು ಸುಮಾರು. ನೋಡಲು ಗಲೀಜು.

ಖುಷಿಯಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಅಲ್ಲೂ ಬಿಡಲಿಲ್ಲ. ನೀರು ಬೇರೆ ಬೇರೆ ಆದರೆ ರೀಡಿಂಗ್ ಬೇರೆ ಬರಲೇಬೇಕು, ಹುಡುಗರ ಕೈ ಸರಿ ಇದೆ ಅಂತ ಅದರಿಂದ ಹೇಗೆ ಗೊತ್ತಾಗುತ್ತದೆ? ನ್ಯಾಯವಾದ ಪ್ರಶ್ನೆ. ನಮ್ಮ ಲ್ಯಾಬಿನ ಅತಿಥಿ ಉಪನ್ಯಾಸಕಿ ಮೇಡಂ ಒಂದು ದಾರಿ ಹೇಳಿದರು. ಬಾಟಲಿಗಳಿಗೆ ಊರಿನ ಹೆಸರು ಕಿತ್ತು ನಂಬರ್ ಅಂಟಿಸಿ, 13 ಬಾಟಲಿಯನ್ನು ಇಬ್ಬಿಬ್ಬರಿಗೆ ಹಂಚಿದೆವು. ಯಾರ ಜೊತೆ ಯಾರು ಅಂತ ಅವರಿಗೆ ಗೊತ್ತಿಲ್ಲ. 9 ಜೋಡಿಯ ರೀಡಿಂಗ್ 0.4 ಎಂಎಲ್ ಒಳಗೆ ಹೊಂದಿತು. 4 ಜೋಡಿಯದು ಹೊಂದಲಿಲ್ಲ. ಆ ನಾಲ್ಕನ್ನೂ ಅರ್ಜಿಯಲ್ಲಿ ಬರೆದೆ. ಇಬ್ಬರು ಬ್ಯುರೆಟ್ಟನ್ನು ಮೇಲಿನಿಂದ ಬಗ್ಗಿ ಓದುತ್ತಿದ್ದರು ಅಂತ ಆಮೇಲೆ ಗೊತ್ತಾದದ್ದನ್ನೂ ಬರೆದೆ.

18.4ರ ಪುಟ ಹಾಕಬೇಕೋ ಬೇಡವೋ ಅಂತ ಸ್ಟಾಫ್ ರೂಮಿನಲ್ಲಿ ದೊಡ್ಡ ಚರ್ಚೆ. "ನಿಮ್ಮ ಸಹಿ ಇದೆಯಲ್ರೀ, ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕ್ಕೋತೀರಾ?" ಅಂತ ಒಬ್ಬರು. ಎರಡು ರಾತ್ರಿ ಯೋಚಿಸಿ ಹಾಕಿದೆ. ಅದಿಲ್ಲದೆ ಹೊಸದರ ಬೆಲೆ ತಿಳಿಯುವುದಿಲ್ಲ. ಸ್ಕ್ರೀನಿಂಗ್ ಕಮಿಟಿಯವರು ಏನಂದುಕೊಂಡರೋ ಏನೋ.

ಒಂದು ಸುಳ್ಳು ಮಾತ್ರ ಹೆಚ್ಚೂ ಕಡಿಮೆ ಒಳಗೆ ಹೋಗಿಬಿಟ್ಟಿತ್ತು. ಕೋಲಾರ ಅಂದರೆ ಫ್ಲೋರೈಡ್ ಅಂತ ಎಲ್ಲರಿಗೂ ಗೊತ್ತು. 'ಫ್ಲೋರೈಡ್ ಬಗ್ಗೆ ಗ್ರಾಮಗಳಲ್ಲಿ ಜಾಗೃತಿ' ಅಂತ ಒಂದು ಪ್ಯಾರಾ ಬರೆದಿದ್ದೆ. ನಾವು ಫ್ಲೋರೈಡ್ ಅಳೆದೇ ಇಲ್ಲ, ಅದಕ್ಕೆ ಬೇಕಾದ ಉಪಕರಣ ನಮ್ಮ ಲ್ಯಾಬಿನಲ್ಲಿಲ್ಲ. ಗಡಸುತನವೇ ಬೇರೆ, ಫ್ಲೋರೈಡೇ ಬೇರೆ. ಓದಲು ಚೆನ್ನಾಗಿತ್ತು, ತೆಗೆದೆ.

ಕೊನೆಗೆ ಫೈಲ್ 14 ಪುಟ. ಸ್ಕ್ಯಾನ್ ಮಾಡಿ, ಸೈಜ್ ಇಳಿಸಿ, ಅಪ್‌ಲೋಡ್ ಮಾಡುವಷ್ಟರಲ್ಲಿ ಟೌನಿನ ಜೆರಾಕ್ಸ್ ಅಂಗಡಿ ಹುಡುಗನಿಗೆ ನಮ್ಮ ಸಿಲಬಸ್ಸೇ ಬಾಯಿಪಾಠವಾಗಿತ್ತು. ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ. ಈಗ ಪ್ರತಿ ಬ್ಯಾಚಿನ ಮೂರು ರೆಕಾರ್ಡ್ ಬುಕ್ ಜೆರಾಕ್ಸ್ ಮಾಡಿಸಿ ಇಡುತ್ತೇನೆ. ಚೆನ್ನಾಗಿರೋದು ಒಂದು, ಸುಮಾರಾಗಿರೋದು ಒಂದು, ಕೆಟ್ಟದ್ದು ಒಂದು.

ಅರ್ಜಿ ಹೋದ ಮೇಲೆ ಹಾಲಿನ ಲೆಕ್ಕದ ಪುಸ್ತಕ ವಾಪಸ್ ಕೊಡಲು ಹೋದೆ. ಅಮ್ಮ ಮಾವಿನಹಣ್ಣು ಹೆಚ್ಚಿಕೊಟ್ಟರು. ಇದರಲ್ಲಿ ಏನು ನೋಡಿದಿರಿ ಸಾರ್ ಅಂದರು. ನೀರಿನ ಪರೀಕ್ಷೆ ಅಂದೆ.

"ನಮ್ಮ ಬೋರಿಂದು ಎಷ್ಟು ಬಂದಿತ್ತು?"

ನಿಮ್ಮ ಬೋರಿನದು ಮಾಡೇ ಇರಲಿಲ್ಲ ಅಂತ ಹೇಳುವುದು ಕಷ್ಟವಾಯಿತು. ಹೇಳಿದೆ. ಅವರು ಒಳಗೆ ಹೋಗಿ ಒಂದು ಹಳೆ ಸ್ಪ್ರೈಟ್ ಬಾಟಲಿ ತೊಳೆದು ತುಂಬಿಸಿ ತಂದರು. ಮಾರನೇ ದಿನ ಲ್ಯಾಬಿನಲ್ಲಿ ನಾನೇ ಮಾಡಿದೆ. 31.2, 31.4, 31.2. ಅಂದರೆ ಲೀಟರಿಗೆ 624 ಮಿಲಿಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ 200 ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಅಂತಿದೆ. ಫೋನ್ ಮಾಡಿದೆ.

"ಅದಕ್ಕೇ ಬೇಳೆ ಬೇಯಲ್ಲ, ನಾನು ಅಂಗಡಿಯವನನ್ನ ಬೈತಿದ್ದೆ" ಅಂದರು. ಆಮೇಲೆ, "ಒಂದು ನಿಮಿಷ ಇರಿ ಸಾರ್, ಆ ಪುಸ್ತಕ ತಗೋತೀನಿ. ಎಷ್ಟಂದ್ರಿ?"