ಕಾರು ಬಿಟ್ಟು ಬಸ್ ಹತ್ತಿದರೆ ಎಷ್ಟು ಕಾರ್ಬನ್ ಉಳಿಯಿತು? ಲೀಟರ್ ಎಣಿಸಿ
ಇದಕ್ಕೆ ಆ್ಯಪ್ ಬೇಕಿಲ್ಲ: ಉಳಿದ ಪೆಟ್ರೋಲ್ ಲೀಟರನ್ನು 2.3ರಿಂದ ಗುಣಿಸಿ (ಡೀಸೆಲ್ ಆದರೆ 2.7, ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಇ20ಗೆ ಸುಮಾರು 2.1), ಅಷ್ಟು ಕೆಜಿ ಕಾರ್ಬನ್ ಡೈಆಕ್ಸೈಡ್. ಮುಕ್ಕಾಲು ಕೆಜಿ ತೂಗುವ ಲೀಟರಿನಿಂದ ಇಷ್ಟೊಂದು ಬರುವುದು ಉರಿಯುವಾಗ ಇಂಗಾಲ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಳ್ಳುವುದರಿಂದ. ಇದರಲ್ಲಿ ಬಸ್ಸಿನ ಪಾಲು ಕಳೆಯಿರಿ: ಲೀಟರಿಗೆ 4 ಕಿ.ಮೀ. ಓಡುವ ಡೀಸೆಲ್ ಸಿಟಿ ಬಸ್ಸಿನಲ್ಲಿ 40 ಜನರಿದ್ದರೆ ಕಿ.ಮೀ.ಗೆ ತಲಾ 17 ಗ್ರಾಂ, 15 ಕಿ.ಮೀ. ಮೈಲೇಜಿನ ಕಾರಿನಲ್ಲಿ ಒಬ್ಬರೇ ಹೋದರೆ 140–150. ಬಸ್ಸಿನಲ್ಲಿ ನಾಲ್ಕೇ ಜನರಿದ್ದರೆ ಈ ಅಂತರ ಉಳಿಯುವುದಿಲ್ಲ (ಆದರೆ ಆ ಬಸ್ಸು ನೀವು ಹತ್ತದಿದ್ದರೂ ಓಡುತ್ತಿತ್ತು ಅನ್ನಿ). ಲೆಕ್ಕ ಪೂರ್ತಿ ಕೆಡುವುದು ನೀವು ಬಿಟ್ಟ ಕಾರನ್ನು ಮನೆಯವರು ಬೇರೆಲ್ಲಿಗೋ ಒಯ್ದಾಗ.