ಪಿಕಪ್ ಗಾಡಿಯ ಸೌಂಡ್ ಸುಧಾರಿಸುವುದು: ಮೊದಲು ಬಾಗಿಲು, ಆಮೇಲೆ ಬೂಫರ್

ಪಿಕಪ್‌ನ ಕಂಪನಿ ಸೆಟ್ ಬದಲಿಸಬೇಕು ಅಂದಕೂಡಲೇ ಕೈ ಹೋಗುವುದು ದೊಡ್ಡ ಸ್ಕ್ರೀನಿನ ಡೆಕ್ (ಡ್ಯಾಶ್‌ಬೋರ್ಡಿನ ಮ್ಯೂಸಿಕ್ ಪ್ಲೇಯರ್) ಕಡೆಗೆ, ಇಲ್ಲವೇ ಸೀಟಿನ ಹಿಂದೆ ಇಡುವ ಬೂಫರ್ (ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್) ಕಡೆಗೆ. ಎರಡೂ ಕೊನೆಗೆ ಕೊಳ್ಳಬೇಕಾದ ಸಾಮಾನು. ಬಾಗಿಲಿನ ಒಳಗಿನ ಕೆಲಸ, ವೈರು, ಅರ್ಥಿಂಗ್ ಸರಿ ಮಾಡದೆ ಮೇಲೆ ಎಷ್ಟು ಹಣ ಸುರಿದರೂ ಸದ್ದು ಹೆಚ್ಚುತ್ತದೆಯೇ ಹೊರತು ಹಾಡು ಸ್ಪಷ್ಟವಾಗುವುದಿಲ್ಲ. ಕಲಬುರಗಿ ಕಡೆ ಗಾಡಿ ಓಡಿಸುವವರು ಬಿಸಿಲು, ಧೂಳು ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದರೆ ಗಾಜು ಏರಿಸಿ ನಿಲ್ಲಿಸಿದ ಕ್ಯಾಬಿನ್ 60 ಡಿಗ್ರಿ ದಾಟುತ್ತದೆ. ಸೇಡಂ, ಮಳಖೇಡ, ವಾಡಿ ದಾರಿಯಲ್ಲಿ ಸಿಮೆಂಟ್ ಧೂಳು, ಹೊಲದ ದಾರಿಯಲ್ಲಿ ಎರೆಮಣ್ಣಿನ ಪುಡಿ, ನೆಹರೂ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಹೊಟ್ಟು. ಇವನ್ನು ತಾಳುವ ಸಾಮಾನನ್ನೇ ಆರಿಸಬೇಕು.

ಇಲ್ಲಿ ಹೇಳುವುದು ಮುಂದೆ ಬಾನೆಟ್ ಇರುವ, 12 ವೋಲ್ಟಿನ ಪಿಕಪ್‌ಗಳಿಗೆ: ಬೊಲೆರೊ ಪಿಕಪ್, ಟಾಟಾ ಯೋಧಾ, ಇಸುಜು ಡಿ-ಮ್ಯಾಕ್ಸ್ ಥರದವು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ಅಲ್ಲಿ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಇಲ್ಲದೆ ಡೆಕ್ ಜೋಡಿಸಿದರೆ ಕ್ಷಣದಲ್ಲಿ ಸುಡುತ್ತದೆ. ಅನುಮಾನವಿದ್ದರೆ ಇಂಜಿನ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದು ನೋಡಿ: ಆರೋಗ್ಯವಾದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, ಇಂಜಿನ್ ಚಾಲೂ ಆದಮೇಲೆ 13.8ರಿಂದ 14.4.

ಡೆಕ್ ಮೇಲೆ ಬರೆದ ವ್ಯಾಟ್

ಡೆಕ್ ಡಬ್ಬಿಯ ಮೇಲೆ 4×50 ವ್ಯಾಟ್ ಅಂತ ಇರುತ್ತದೆ. ಆ ಲೆಕ್ಕ ಬರುವುದು ಹೀಗೆ: 14.4 ವೋಲ್ಟನ್ನು 14.4ರಿಂದ ಗುಣಿಸಿ, ಸ್ಪೀಕರಿನ 4 ಓಮ್‌ನಿಂದ ಭಾಗಿಸಿದರೆ ಸುಮಾರು 52. ಬ್ಯಾಟರಿಯ ಪೂರ್ತಿ ವೋಲ್ಟೇಜ್ ಒಂದೇ ಸಮನೆ ಸ್ಪೀಕರಿಗೆ ಸಿಕ್ಕರೆ ಬರುವ ಅಂಕಿ ಇದು. ಹಾಗೆ ಬಂದ ಸದ್ದು ಹಾಡಾಗಿರುವುದಿಲ್ಲ, ಒಡಕು ಶಬ್ದವಾಗಿರುತ್ತದೆ. ಶುದ್ಧ ಅಲೆಗೆ ಇದರ ಅರ್ಧ, ಅಂದರೆ 26ರ ಹತ್ತಿರವೇ ಮಿತಿ; ಒಳಗಿನ ಐಸಿಯ ನಷ್ಟ ಕಳೆದು ಕೈಗೆ ಸಿಗುವುದು ಚಾನೆಲ್‌ಗೆ 15ರಿಂದ 20 ವ್ಯಾಟ್. ಹಾಗಾಗಿ ಹೊಸ ಡೆಕ್ ಹಾಕಿದರೂ ತಾಕತ್ತು ಹೆಚ್ಚುವುದಿಲ್ಲ. ಬ್ಲೂಟೂತ್ ಇಲ್ಲ, ಯುಎಸ್‌ಬಿ ಕೆಟ್ಟಿದೆ ಅಂದರೆ ಮಾತ್ರ ಡೆಕ್ ಬದಲಿಸಿ. ಆಗಲೂ ಹಿಂದೆ ಆರ್‌ಸಿಎ ಔಟ್‌ಪುಟ್ (ಸದ್ದಿನ ತಾಕತ್ತು ಹೆಚ್ಚಿಸುವ ಆಂಪ್ಲಿಫೈಯರಿಗೆ ಸಿಗ್ನಲ್ ಕಳಿಸುವ ಸಾಕೆಟ್) ಇರುವುದನ್ನೇ ಕೇಳಿ ಕೊಳ್ಳಿ. ಕಡಿಮೆ ಬೆಲೆಯ ಆಂಡ್ರಾಯ್ಡ್ ಸ್ಕ್ರೀನ್‌ಗಳು ಬೇಸಿಗೆಯ ಮಧ್ಯಾಹ್ನ ಹ್ಯಾಂಗ್ ಆಗುತ್ತವೆ. ದುಡಿಯುವ ಗಾಡಿಗೆ ಗುಂಡಿ ಇರುವ ಸಾದಾ ಡೆಕ್ಕೇ ವಾಸಿ. ರಸ್ತೆಯಿಂದ ಕಣ್ಣು ತೆಗೆಯದೆ ಕೈಗೆ ಸಿಗುತ್ತದೆ.

ರಿವರ್ಸ್ ಕ್ಯಾಮೆರಾ, ಗಾಡಿಯ ಸೆಟ್ಟಿಂಗ್ ಎಲ್ಲ ಕಂಪನಿ ಸ್ಕ್ರೀನಿನಲ್ಲೇ ಇದ್ದರೆ ಅದನ್ನು ಮುಟ್ಟಬೇಡಿ. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ, ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಕೊಂಡರೆ ಸಾಕು.

ಬೇಕಾಗುವ ಸಾಮಾನು

ಸಿಂಗಲ್ ಕ್ಯಾಬ್ (ಒಂದೇ ಸಾಲು ಸೀಟಿನ) ಗಾಡಿಗೆ:

- 6.5 ಇಂಚಿನ ಸ್ಪೀಕರ್ ಒಂದು ಜೋಡಿ: 4 ಓಮ್, ಆರ್‌ಎಂಎಸ್ (ಸತತವಾಗಿ ತಾಳುವ ತಾಕತ್ತು) 50ರಿಂದ 70 ವ್ಯಾಟ್, ಸೆನ್ಸಿಟಿವಿಟಿ (ಕೊಟ್ಟ ವ್ಯಾಟಿಗೆ ಎಷ್ಟು ಸದ್ದು ಬರುತ್ತದೆ ಅನ್ನುವ ಅಂಕಿ) 90 ಡಿಬಿಗಿಂತ ಮೇಲೆ. ಕೋನ್ ಪಾಲಿಪ್ರೊಪಿಲೀನ್, ಸುತ್ತಿನ ಪಟ್ಟಿ ರಬ್ಬರ್
- ಕ್ಲಾಸ್-ಡಿ 4 ಚಾನೆಲ್ ಆಂಪ್ಲಿಫೈಯರ್, ಚಾನೆಲ್‌ಗೆ 50 ವ್ಯಾಟ್ ಆರ್‌ಎಂಎಸ್
- 2 ಮಿ.ಮೀ. ದಪ್ಪದ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಡೆಯುವ ರಬ್ಬರ್ ಹಾಳೆ), ಎರಡು ಬಾಗಿಲಿಗೆ ಸೇರಿ ಸುಮಾರು 2 ಚದರ ಮೀಟರ್
- 10 ಚದರ ಮಿ.ಮೀ. ಶುದ್ಧ ತಾಮ್ರದ ವೈರ್ 5 ಮೀಟರ್, 40 ಆಂಪ್ ಫ್ಯೂಸ್ ಮತ್ತು ಹೋಲ್ಡರ್, ಆರ್‌ಸಿಎ ಕೇಬಲ್, ಸುರುಳಿ ಪೈಪು, ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಹಾಕುವ ರಿಂಗ್), ರಿಂಗ್ ಲಗ್, ಹೀಟ್‌ಶ್ರಿಂಕ್
- ಡೋರ್ ಪ್ಯಾಡಿನ ಕ್ಲಿಪ್ 6ರಿಂದ 8. ಹಳೆಯವು ಮುರಿಯುವುದು ಖಂಡಿತ

ಸೆನ್ಸಿಟಿವಿಟಿ ಅಂಕಿಯನ್ನು ಬಹಳ ಮಂದಿ ನೋಡುವುದೇ ಇಲ್ಲ. 87 ಡಿಬಿ ಸ್ಪೀಕರಿಗೆ 40 ವ್ಯಾಟ್ ಕೊಟ್ಟು ಬರುವ ಸದ್ದು, 90 ಡಿಬಿ ಸ್ಪೀಕರಿನಲ್ಲಿ 20 ವ್ಯಾಟಿಗೇ ಬರುತ್ತದೆ. ಆಂಪ್ಲಿ ಹಾಕದೆ ಡೆಕ್ ಮೇಲೇ ನಡೆಸುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಡಬ್ಬಿ ಮೇಲಿನ 300 ವ್ಯಾಟ್, 400 ವ್ಯಾಟ್ ಪೀಕ್ ಅಂಕಿಗಳನ್ನು ಓದಲೇಬೇಡಿ.

ವೈರ್ ಕೊಳ್ಳುವಾಗ ತುದಿಯ ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದೇ ದಪ್ಪದ ತಾಮ್ರ ಸಾಗಿಸುವುದರ ಮೂರನೇ ಎರಡು ಭಾಗದಷ್ಟೇ ಕರೆಂಟ್ ಸಾಗಿಸುತ್ತದೆ, ಜೋಡಣೆಯಲ್ಲಿ ಸಡಿಲಾಗಿ ಬಿಸಿಯಾಗುತ್ತದೆ. "ಆಂಪ್ಲಿ ಕಿಟ್" ಅಂತ ಅಗ್ಗಕ್ಕೆ ಸಿಗುವುದರಲ್ಲಿ ಹೆಚ್ಚಿನವು ಇವೇ.

ಬಾಗಿಲಿನ ಕೆಲಸ

ಅರ್ಧ ಫಲಿತಾಂಶ ಬರುವುದು ಇಲ್ಲಿಂದ, ಆದ್ದರಿಂದ ಪೂರ್ತಿ ಒಂದು ದಿನ ಇದಕ್ಕೇ ಇಡಿ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಾಗ ಹಿಂದೆ ಅಷ್ಟೇ ಗಾಳಿ ಎಳೆಯುತ್ತದೆ. ಬಾಗಿಲಿನ ಒಳತಗಡಿನಲ್ಲಿ ಕಂಪನಿ ಬಿಟ್ಟ ದೊಡ್ಡ ತೂತುಗಳಿಂದ ಹಿಂದಿನ ಅಲೆ ಮುಂದೆ ಬಂದು ಮುಂದಿನ ಅಲೆಯನ್ನು ಕೊಲ್ಲುತ್ತದೆ. ಚರ್ಮ ಹರಿದ ಡೊಳ್ಳು ಎಷ್ಟು ಬಾರಿಸಿದರೂ ನಾದ ಕೊಡದ ಹಾಗೆ, ಈ ಬಾಗಿಲಿನಿಂದ ಬೇಸ್ ಬರುವುದಿಲ್ಲ.

ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಗಾಜು ತಿರುಗಿಸುವ ಹಿಡಿಕೆಯ ಹಿಂದೆ ಸಿ ಆಕಾರದ ಕ್ಲಿಪ್ ಇರುತ್ತದೆ. ಹಿಡಿಕೆ ಮತ್ತು ಪ್ಯಾಡಿನ ಸಂದಿಗೆ ಬಟ್ಟೆಯ ಪಟ್ಟಿ ತೂರಿಸಿ ಎಡಕ್ಕೆ ಬಲಕ್ಕೆ ಉಜ್ಜಿದರೆ ಹೊರಬರುತ್ತದೆ. ಹಾರಿ ಬೀಳುವ ಮುನ್ನ ಇನ್ನೊಂದು ಕೈ ಅಡ್ಡ ಹಿಡಿಯಿರಿ. ಆರ್ಮ್‌ರೆಸ್ಟ್ ಮತ್ತು ಒಳಹಿಡಿಕೆಯ ಸ್ಕ್ರೂ ತೆಗೆದು, ಕೆಳಗಿನ ಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಪ್ಯಾಡ್ ಎಬ್ಬಿಸಿ. ಪವರ್ ವಿಂಡೋ ಇದ್ದರೆ ಕಪ್ಲರ್ ಬಿಚ್ಚಿಯೇ ಎಳೆಯಿರಿ.

ಒಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಸಾಡುವುದು ಸಾಮಾನ್ಯ ತಪ್ಪು. ಮಳೆಗಾಲದಲ್ಲಿ ಗಾಜಿನ ಮೇಲಿಂದ ಇಳಿದ ನೀರು ಕ್ಯಾಬಿನ್ ಒಳಗೆ ಬರದಂತೆ ತಡೆಯುವುದು ಅದೇ. ಅದನ್ನು ತೆಗೆದರೆ ಅದರ ಜಾಗವನ್ನು ಬ್ಯೂಟೈಲ್ ಶೀಟ್ ಪೂರ್ತಿ ತುಂಬಬೇಕು.

ಹೊರತಗಡಿನ ಒಳಮೈಯಲ್ಲಿ ಎರೆಧೂಳು ಗಟ್ಟಿಯಾಗಿ ಕೂತಿರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎಣ್ಣೆ ಜಿಡ್ಡು ತೆಗೆಯಿರಿ. ಬ್ಯೂಟೈಲ್ ಶೀಟನ್ನು ಸ್ಪೀಕರಿನ ನೇರ ಹಿಂದೆ ಮತ್ತು ತಗಡಿನ ನಡುಭಾಗದಲ್ಲಿ ಅಂಟಿಸಿ, ಮೇಲಿನ ಅಚ್ಚು ಸಪಾಟಾಗುವ ತನಕ ರೋಲರ್ ಒತ್ತಿ. ಹೊರತಗಡಿನ ಅರ್ಧ ಭಾಗ ಮುಚ್ಚಿದರೆ ಸಾಕು. ಒಳತಗಡಿನ ತೂತುಗಳನ್ನು ಮಾತ್ರ ಒಂದೂ ಬಿಡದೆ ಮುಚ್ಚಬೇಕು. ದೊಡ್ಡ ತೂತಿಗೆ ತೆಳು ಅಲ್ಯೂಮಿನಿಯಂ ಹಾಳೆ ಇಟ್ಟು ಅದರ ಮೇಲೆ ಶೀಟ್ ಹಾಕಿ. ಲಾಕಿನ ಕಡ್ಡಿಗಳು ಸರಾಗವಾಗಿ ಆಡುತ್ತವೆಯೇ, ಗಾಜು ಪೂರ್ತಿ ಇಳಿಯುತ್ತದೆಯೇ ನೋಡಿ. ಬಾಗಿಲಿನ ತಳದ ನೀರಿನ ತೂತುಗಳನ್ನು ಮುಚ್ಚಲೇಬಾರದು, ಮುಚ್ಚಿದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಮಾಳಿಗೆ ಸೋರದಂತೆ ಹಾಕುವ ಡಾಂಬರು ಶೀಟನ್ನು ಬ್ಯೂಟೈಲ್ ಬದಲು ಹಾಕಿಕೊಡುವವರಿದ್ದಾರೆ. ನಮ್ಮ ಬೇಸಿಗೆಯಲ್ಲಿ ಅದು ಮೆತ್ತಗಾಗಿ ಜಾರಿ ಗಾಜಿನ ರೇಲಿಗೆ ಅಂಟಿಕೊಳ್ಳುತ್ತದೆ, ಕ್ಯಾಬಿನ್ ತುಂಬ ಡಾಂಬರಿನ ವಾಸನೆ. ಒಂದು ತುಂಡು ಮೂಸಿ ನೋಡಿದರೇ ಗೊತ್ತಾಗುತ್ತದೆ. ವಾಸನೆ ಇದ್ದರೆ ಬೇಡ.

ಸ್ಪೀಕರ್ ಕೂರಿಸುವುದು

ಹಳೆಯ ಸ್ಪೀಕರ್ ರಿವೆಟ್ ಮೇಲಿದ್ದರೆ ರಿವೆಟ್ ತಲೆಯನ್ನಷ್ಟೇ ಡ್ರಿಲ್ ಮಾಡಿ. ಕಬ್ಬಿಣದ ಪುಡಿ ಒರೆಸಿ ತೆಗೆಯುವವರೆಗೆ ಹೊಸ ಸ್ಪೀಕರನ್ನು ಡಬ್ಬಿಯಿಂದ ತೆಗೆಯಬೇಡಿ, ಅಯಸ್ಕಾಂತಕ್ಕೆ ಹತ್ತಿದ ಪುಡಿ ಮತ್ತೆ ಬಿಡುವುದಿಲ್ಲ. ಗಾಜು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ಮೈಯಿಂದ ಗಾಜಿನವರೆಗೆ ಎಷ್ಟು ಜಾಗವಿದೆ ಅಳೆಯಿರಿ. ಅದು ಸ್ಪೀಕರಿನ ಆಳಕ್ಕಿಂತ ಕನಿಷ್ಠ 5 ಮಿ.ಮೀ. ಹೆಚ್ಚಿರಬೇಕು. ಸಾಲದಿದ್ದರೆ ಪ್ಲಾಸ್ಟಿಕ್ ಸ್ಪೇಸರ್ ರಿಂಗ್ ಹಾಕಿ. ಎಂಡಿಎಫ್ ರಿಂಗ್ ಒಂದೇ ಮಳೆಗಾಲಕ್ಕೆ ಉಬ್ಬಿ ಉದುರುತ್ತದೆ. ರಿಂಗ್ ಮತ್ತು ತಗಡಿನ ನಡುವೆ, ಸ್ಪೀಕರ್ ಮತ್ತು ಪ್ಯಾಡಿನ ನಡುವೆ ಫೋಮ್ ಪಟ್ಟಿ ಸುತ್ತಿದರೆ ಸದ್ದು ಪ್ಯಾಡಿನ ಒಳಗೆ ಸೋರುವುದಿಲ್ಲ. ಜಾಳಿಗೆಯ ಹಿಂದೆ ತೆಳು ಸ್ಪೀಕರ್ ಬಟ್ಟೆ ಅಂಟಿಸಿದರೆ ಧೂಳು ನಿಲ್ಲುತ್ತದೆ.

ಬಾಗಿಲಿನ ಹಳೆಯ ವೈರ್ ಬದಲಿಸುವ ಅಗತ್ಯವಿಲ್ಲ. 50 ವ್ಯಾಟಿಗೆ, ಎರಡು ಮೀಟರ್ ದೂರಕ್ಕೆ ಅದು ಸಾಕು. ಧ್ರುವ ಮಾತ್ರ ತಪ್ಪಬಾರದು: ಒಂದೂವರೆ ವೋಲ್ಟಿನ ಸೆಲ್ಲನ್ನು ವೈರಿಗೆ ಕ್ಷಣಕಾಲ ಮುಟ್ಟಿಸಿದಾಗ ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್. ಡೆಕ್ ಕಡೆ ಕಪ್ಲರಿನಿಂದ ವೈರ್ ಬಿಚ್ಚಿ ಈ ಪರೀಕ್ಷೆ ಮಾಡಿ.

ಕರೆಂಟ್ ಮತ್ತು ಅರ್ಥಿಂಗ್

ಬಾಗಿಲಿಗೆ ಎರಡು ಚಾನೆಲ್, ಉಳಿದೆರಡನ್ನು ಬ್ರಿಜ್ ಮಾಡಿ (ಎರಡನ್ನೂ ಸೇರಿಸಿ ಒಂದಾಗಿಸಿ) ಬೂಫರಿಗೆ 150 ವ್ಯಾಟ್, ಒಟ್ಟು 250. ಕ್ಲಾಸ್-ಡಿ ಆಂಪ್ಲಿ ನೂರಕ್ಕೆ 80ರಷ್ಟು ದಕ್ಷತೆಯಲ್ಲಿ ನಡೆದರೆ ಪೂರ್ತಿ ವಾಲ್ಯೂಮಿನಲ್ಲಿ ಸುಮಾರು 23 ಆಂಪ್ ಎಳೆಯುತ್ತದೆ. 10 ಚದರ ಮಿ.ಮೀ. ತಾಮ್ರದ ವೈರ್ 4 ಮೀಟರಿಗೆ ಕಳೆಯುವುದು 0.17 ವೋಲ್ಟ್. ಮನೆಯ ವೈರಿಂಗಿನ 2.5 ಚದರ ಮಿ.ಮೀ. ವೈರ್ ಎಳೆದರೆ 0.7 ವೋಲ್ಟ್ ಹೋಗುತ್ತದೆ, ಪ್ರತಿ ಡೋಲಿನ ಏಟಿಗೂ ಸದ್ದು ಕುಸಿಯುತ್ತದೆ.

ಫ್ಯೂಸ್ ಬ್ಯಾಟರಿಯಿಂದ 45 ಸೆಂ.ಮೀ. ಒಳಗೇ ಇರಬೇಕು. ಅದು ಕಾಯುವುದು ಆಂಪ್ಲಿಯನ್ನಲ್ಲ, ವೈರನ್ನು. ಆಂಪ್ಲಿ ಹತ್ತಿರ ಫ್ಯೂಸ್ ಇಟ್ಟರೆ, ನಡುವೆ ವೈರ್ ಉಜ್ಜಿ ಬಾಡಿಗೆ ತಗುಲಿದಾಗ ಗಾಡಿ ಹೊತ್ತಿಕೊಳ್ಳುವುದನ್ನು ತಡೆಯಲು ಏನೂ ಇರುವುದಿಲ್ಲ. ಇಂಜಿನ್ ಕಡೆಯಿಂದ ಕ್ಯಾಬಿನ್ ಒಳಗೆ ಬರುವ ತೂತಿಗೆ ಗ್ರೊಮೆಟ್ ಕಡ್ಡಾಯ. ವೈರ್ ಪೂರ್ತಿ ಸುರುಳಿ ಪೈಪಿನೊಳಗೆ ಹೋಗಲಿ. ಕಾಳಿನ ಲೋಡು ಹೊರುವ ಗಾಡಿಗೆ ಇಲಿ ತಪ್ಪಿದ್ದಲ್ಲ, ಬರಿ ವೈರ್ ಮೊದಲು ಕಡಿಯುತ್ತವೆ.

ಪಿಕಪ್‌ನಲ್ಲಿ ಕ್ಯಾಬಿನ್ ರಬ್ಬರ್ ಮೌಂಟ್ ಮೇಲೆ ಚಾಸಿಗಿಂತ ಬೇರೆಯಾಗಿ ಕೂತಿರುತ್ತದೆ. ಕ್ಯಾಬಿನ್‌ನಿಂದ ಬ್ಯಾಟರಿಗೆ ಕರೆಂಟ್ ಮರಳುವುದು ಒಂದು ಅರ್ಥ್ ಪಟ್ಟಿಯ ಮೂಲಕ. ಆ ಪಟ್ಟಿ ತುಕ್ಕು ಹಿಡಿದಿದ್ದರೆ ಸೀಟಿನ ಬೋಲ್ಟಿಗೆ ಎಷ್ಟು ಬಿಗಿಯಾಗಿ ಅರ್ಥ್ ಕೊಟ್ಟರೂ ಪ್ರಯೋಜನವಿಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಕ್ಯಾಬಿನ್ ಬಾಡಿಗೆ 16 ಚದರ ಮಿ.ಮೀ. ವೈರ್ ಒಂದನ್ನು ಹೆಚ್ಚಿಗೆ ಹಾಕಿ. ಅರ್ಥ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಹೊಳೆಯುವ ತಗಡು ಕಾಣಬೇಕು. ರಿಂಗ್ ಲಗ್, ಹಲ್ಲಿನ ವಾಷರ್, ಬೋಲ್ಟ್ ಬಿಗಿದ ಮೇಲೆ ಗ್ರೀಸ್ ಸವರಿ. ನಂತರ ಜೋರಾಗಿ ಹಾಡು ಹಾಕಿ ಆಂಪ್ಲಿಯ ನೆಗೆಟಿವ್ ಮತ್ತು ಬ್ಯಾಟರಿಯ ನೆಗೆಟಿವ್ ನಡುವೆ ಡಿಸಿ ವೋಲ್ಟ್ ಅಳೆಯಿರಿ. 0.1ಕ್ಕಿಂತ ಹೆಚ್ಚಿದ್ದರೆ ಅರ್ಥ್ ಸರಿಯಿಲ್ಲ.

ಡೆಕ್‌ನ ವೈರುಗಳಲ್ಲಿ ಹಳದಿ ಸದಾ 12 ವೋಲ್ಟ್, ಕೆಂಪು ಕೀಲಿಯಿಂದ, ಕಪ್ಪು ಅರ್ಥ್, ನೀಲಿ-ಬಿಳಿ ಆಂಪ್ಲಿಯ ರಿಮೋಟ್ (ಡೆಕ್ ಜೊತೆಗೇ ಆಂಪ್ಲಿಯನ್ನು ಆನ್-ಆಫ್ ಮಾಡುವ ವೈರ್). ಬಿಳಿ ಎಡ ಮುಂದಿನ ಸ್ಪೀಕರ್, ಬೂದು ಬಲ ಮುಂದಿನದು; ಕಪ್ಪು ಗೆರೆ ಇರುವುದು ನೆಗೆಟಿವ್. ಇವು ಅಂಗಡಿಯ ಡೆಕ್‌ಗಳ ಬಣ್ಣ. ಕಂಪನಿಯ ವೈರಿಂಗಿನಲ್ಲಿ ಬಣ್ಣ ಬೇರೆ ಇರುತ್ತದೆ, ಅದನ್ನು ಮೀಟರ್ ಹಿಡಿದೇ ಗುರುತಿಸಿ. ವಾರಂಟಿ ಇರುವ ಗಾಡಿಯಲ್ಲಿ ವೈರ್ ಕತ್ತರಿಸದೆ ಆ ಮಾಡೆಲ್ಲಿನ ಕಪ್ಲರ್ ತಂದು ಜೋಡಿಸಿ.

ಆಂಪ್ಲಿಯನ್ನು ಸೀಟಿನ ಹಿಂದೆ, ಸುತ್ತ 5 ಸೆಂ.ಮೀ. ಗಾಳಿ ಬಿಟ್ಟು ಕೂರಿಸಿ. ಜಾಕ್, ಪಾನಾ ಅಲ್ಲೇ ಇಡುವವರು ಮೊದಲು ಅವುಗಳಿಗೆ ಬೇರೆ ಜಾಗ ನೋಡಿ. ಕಬ್ಬಿಣದ ಪಾನಾ ಟರ್ಮಿನಲ್ ಮೇಲೆ ಬಿದ್ದರೆ ಶಾರ್ಟ್. ಟಾಟಾ ಏಸ್‌ನಲ್ಲಿ ಇಂಜಿನ್ ಇರುವುದೇ ಸೀಟಿನ ಕೆಳಗೆ, ಅಲ್ಲಿ ಆಂಪ್ಲಿಯಾಗಲಿ ಅಂಡರ್‌ಸೀಟ್ ಬೂಫರಾಗಲಿ ಇಡಬೇಡಿ. ಉಳಿದ ಸಿಂಗಲ್ ಕ್ಯಾಬ್‌ಗೆ 8 ಇಂಚಿನ ತೆಳು ಬೂಫರ್ ಧಾರಾಳ. ಆಂಪ್ಲಿ ಒಳಗೇ ಇರುವ ಬೂಫರ್ ಕೊಂಡರೆ ಬ್ರಿಜ್ ಮಾಡುವ ಕೆಲಸವಿಲ್ಲ.

ಗೇನ್ ಹೊಂದಿಸುವುದು

ಆಂಪ್ಲಿಯ ಗೇನ್ ಗುಂಡಿ ವಾಲ್ಯೂಮ್ ಅಲ್ಲ, ಡೆಕ್‌ನ ಸಿಗ್ನಲ್ಲಿಗೆ ಆಂಪ್ಲಿಯನ್ನು ಹೊಂದಿಸುವ ಗುಂಡಿ. ಅದನ್ನು ಪೂರ್ತಿ ತಿರುಗಿಸಿಟ್ಟರೆ ಅಲೆಯ ತಲೆ ಕತ್ತರಿಸಿ ಸ್ಪೀಕರಿನ ಕಾಯಿಲ್ ಸುಡುತ್ತದೆ. ಸ್ಪೀಕರ್ ವೈರ್ ಬಿಚ್ಚಿ, ಡೆಕ್‌ನ ಬೇಸ್, ಟ್ರೆಬಲ್ ಸೊನ್ನೆಗೆ ತಂದು, ಆಂಪ್ಲಿಯ ಫಿಲ್ಟರ್ ಆಫ್ ಮಾಡಿ. ಯುಎಸ್‌ಬಿಯಿಂದ 400 ಹರ್ಟ್ಜ್ ಟೋನ್ ಹಾಕಿ, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಆಂಪ್ಲಿಯ ಔಟ್‌ಪುಟ್ಟಿನಲ್ಲಿ ಎಸಿ ವೋಲ್ಟ್ ಅಳೆಯಿರಿ. 4 ಓಮ್, 50 ವ್ಯಾಟಿಗೆ 14.1 ವೋಲ್ಟ್ ಬಂದಾಗ ಗೇನ್ ನಿಲ್ಲಿಸಿ. ಬೂಫರಿಗೆ 50 ಹರ್ಟ್ಜ್ ಟೋನ್, 150 ವ್ಯಾಟಿಗೆ 24.5 ವೋಲ್ಟ್. 1000 ಹರ್ಟ್ಜ್ ಟೋನ್ ಬಳಸಿ ಅನ್ನುವವರಿದ್ದಾರೆ, ಆದರೆ ಅಗ್ಗದ ಮೀಟರ್‌ಗಳು ಅಲ್ಲಿ ತಪ್ಪು ಅಂಕಿ ತೋರಿಸುತ್ತವೆ. ಆಮೇಲೆ ಬಾಗಿಲಿನ ಸ್ಪೀಕರಿಗೆ ಹೈಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನ ಸದ್ದು ಮಾತ್ರ ಬಿಡುವುದು) 80 ಹರ್ಟ್ಜ್, ಬೂಫರಿಗೆ ಲೋಪಾಸ್ (ಕೆಳಗಿನದು ಮಾತ್ರ ಬಿಡುವುದು) 80.

ಏನು ಕೆಡುತ್ತದೆ, ಯಾಕೆ

ಎಕ್ಸಲೇಟರ್ ಒತ್ತಿದಂತೆ ಕುಯ್ ಅನ್ನುವ ಸದ್ದು ಏರಿದರೆ ಅರ್ಥ್ ದೋಷ, ಇಲ್ಲವೇ ಆರ್‌ಸಿಎ ಕೇಬಲ್ ಪವರ್ ವೈರಿನ ಜೊತೆಗೇ ಹೋಗಿದೆ. ಒಂದನ್ನು ಎಡಬದಿ, ಇನ್ನೊಂದನ್ನು ಬಲಬದಿ ಎಳೆಯಿರಿ. ಬೇಸ್ ತೆಳುವಾಗಿ, ಬ್ಯಾಲೆನ್ಸ್ ಒಂದೇ ಬದಿಗೆ ತಿರುಗಿಸಿದಾಗ ಸರಿಯಾದರೆ ಒಂದು ಸ್ಪೀಕರಿನ ಧ್ರುವ ತಿರುಗಿದೆ. ಕೀಲಿ ತೆಗೆದಾಗಲೆಲ್ಲ ಡೆಕ್ ಸೆಟ್ಟಿಂಗ್ ಮರೆತರೆ ಹಳದಿ, ಕೆಂಪು ಅದಲು ಬದಲಾಗಿವೆ. ಬೆಳಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ರಿಮೋಟ್ ವೈರ್ ಸದಾ ಕರೆಂಟಿಗೆ ಸೇರಿರಬಹುದು. ಕೀಲಿ ತೆಗೆದ ಮೇಲೆ ಬ್ಯಾಟರಿಯಿಂದ 50 ಮಿಲಿಆಂಪ್‌ಗಿಂತ ಹೆಚ್ಚು ಹೋಗಬಾರದು. ಮಧ್ಯಾಹ್ನ ಮಾತ್ರ ಆಂಪ್ಲಿ ಪ್ರೊಟೆಕ್ಟ್‌ಗೆ ಹೋದರೆ (ತನ್ನನ್ನು ಕಾಯಲು ತಾನೇ ಆಫ್ ಆದರೆ) ಕಾರಣ ಶಾಖ. ಮೊದಲು ಗಾಜು ಇಳಿಸಿ ಕ್ಯಾಬಿನ್ ತಂಪು ಮಾಡಿ, ಆಮೇಲೆ ಜಾಗ ಬದಲಿಸಿ.

ಪರಸಿ ಕಲ್ಲಿನ ಲೋಡು ಹೊತ್ತು ಶಹಾಬಾದ್ ದಾರಿಯಲ್ಲಿ ಓಡುವ ಗಾಡಿ ಅದುರುವ ರೀತಿಗೆ ಬೋಲ್ಟ್‌ಗಳು ಸಡಿಲಾಗುತ್ತವೆ. ಹಾಕಿದ ಒಂದು ತಿಂಗಳಿಗೆ ಬ್ಯಾಟರಿ ಲಗ್, ಅರ್ಥ್ ಬೋಲ್ಟ್, ಸ್ಪೀಕರ್ ಸ್ಕ್ರೂ ಮತ್ತೊಮ್ಮೆ ಬಿಗಿಯಿರಿ. ತೊಗರಿ ಸುಗ್ಗಿ ಮುಗಿದ ಮೇಲೆ ಆಂಪ್ಲಿಯ ರೆಕ್ಕೆಗಳ ನಡುವಿನ ಹೊಟ್ಟು, ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ನೀರಿನ ಸರ್ವಿಸಿಂಗಿಗೆ ಬಿಡುವಾಗ ಕ್ಯಾಬಿನ್ ಒಳಗೆ ಪೈಪ್ ಹಿಡಿಯಬೇಡಿ ಅಂತ ಮೊದಲೇ ಹೇಳಿ.